ಚೆಕ್ಕುಬಂದಿ

ದಲ್ಲಾಳಿ ತೋರಿಸಿದ್ದು ಮನಿ ಅಲ್ಲ, ಜಾಗ.
"ಒಂಬತ್ನೂರು ಗಜ ಅದ್ರೀ ಸಿಸ್ಟರ್,
ಹಳೇ ಬೀದರದಾಗ ಇಷ್ಟು ಬಯಲು ಯಾರ ಹತ್ತಿರ ಉಳದದ?
ಮನಿದೇನು, ಜೇಸಿಬಿಗೆ ಅರ್ಧ ದಿನದ ಕೆಲಸ."
ಅಂವ ಅನ್ನೂದರಾಗ ನಾ ಬಾಗಿಲದ ಕಬ್ಬಿಣ ಬಳಿ ಹಿಡದಿದ್ದೆ.
ಏಪ್ರಿಲ್ ಮಧ್ಯಾಹ್ನ. ಸುಡಬೇಕಾಗಿತ್ತು,
ಹಂಡೆದ ನೀರಿನಂಗ ತಣ್ಣಗಿತ್ತು.

ಘಾಳೆಪ್ಪ ಏನೂ ಅನ್ನಲಿಲ್ಲ. ಗಿರಣಿಯಿಂದ ಹಂಗೇ ಬಂದಿದ್ದ,
ಹಿಟ್ಟು ಹತ್ತಿದ ಬೆರಳಿಂದ ಗ್ವಾಡಿ ಬಡಕೋತ ಹೋದ,
ನಮ್ಮ ವಾರ್ಡಿನ್ಯಾಗ ಡಾಕ್ಟರು ಎದಿ ಬಡದು ಕೇಳೋಹಂಗ.
ಪಡಸಾಲಿ ದಾಟಿ, ಮೂಡಲ ಖೋಲಿಯೊಳಗ ನಿಂತ.
ಮತ್ತ ಬಡದ.
"ಇಲ್ಲಿ ಪೊಳ್ಳು ಅದ."
ಕೆಂಪು ಕಲ್ಲಿನ ಮ್ಯಾಲ ನಾಕು ಬೆರಳು ಬೆಳ್ಳಗ ಮೂಡಿದ್ವು.

ಗೌಂಡಿ ಹೇಳಿದ: ಜಂತಿ ಎರಡು ಹುಳ ತಿಂದಾವ,
ಮಾಳಗಿ ಮಣ್ಣು ತಗದು ಹಾಕಬೇಕು,
ಭಾವಿ ಒಂದು ಮಗ್ಗಲು ಕುಸದದ,
ವೈರಿಂಗ್ ಅಂತೂ ಮುಟ್ಟಬ್ಯಾಡ್ರಿ, ಅದು ನಮ್ಮಪ್ಪನಕಿಂತ ದೊಡ್ಡದು.
ಬ್ಯಾಂಕಿನವ ಬಂದು ಅಳದು,
ನೆಲಕ್ಕ ಬೆಲಿ ಬರದ, ಕಟ್ಟಡದ ಮುಂದ ಒಂದು ಸೊನ್ನಿ.
ಎರಡಡಿ ದಪ್ಪ ಗ್ವಾಡಿ, ತೇಗಿನ ಕಂಬ ಎಂಟು,
ಮುಂಜಾನಿ ಒಂಬತ್ತಕ್ಕ ಬೆಳಕಿಂಡಿಯಿಂದ ಇಳದು
ಶಹಾಬಾದಿ ಫರಸಿ ಮ್ಯಾಲ ಕೂಡೋ ಬಿಸಲು.
ಎಲ್ಲಾ ಕೂಡಿ ಸೊನ್ನಿ.

ನೌಬಾದದ ಸೈಟು ಮಾರಿದ್ವಿ. ನನ್ನ ಪಾಟ್ಲಿ ಹೋದ್ವು.
ತಂಗಿ ಬೈದಳು: "ಆ ರೊಕ್ಕಕ್ಕ ಹೊಸಾ ಡುಪ್ಲೆಕ್ಸ್ ಬರ್ತಿತ್ತು."
ನನಗೇನು ಗೊತ್ತಿರಲಿಲ್ಲೇನು.

ಮಾರಿದಾಕಿ ರಾಬಿಯಾ ಆಪಾ, ಹೈಸ್ಕೂಲಿನ ಗಣಿತದ ಟೀಚರು.
ಅಳ್ತಾಳಂತ ಮಾಡಿದ್ದೆ. ಕೀಲಿ ಗೊಂಚಲ ಕೈಗಿಟ್ಟು ನಕ್ಕಳು.
"ದಿನಾ ರಾತ್ರಿ ಹನ್ನೊಂದು ಬಾಗಿಲ ಹಾಕಿ ಹಾಕಿ
ಸಾಕಾಗ್ಯಾದ ನೋಡವ್ವ.
ಒಂದು ಬಾಗಿಲದ ಫ್ಲಾಟ್ ತಗೊಂಡೀನಿ. ಲಿಫ್ಟ್ ಅದ."

ಹಳೇ ಕಾಗದ ಉರ್ದುದಾಗ ಇತ್ತು. ಅರ್ಜಿ ಬರಿಯೋ ಹಬೀಬೊದ್ದೀನ್
ಕನ್ನಡಕ ಹಣಿಗೇರಿಸಿ, ಹಾಳಿ ಮೂಗಿನ ಹತ್ತಿರ ಹಿಡದು ಓದಿದ.
ಪಶ್ಚಿಮಕ್ಕ: ನೀರು ಹೊರೋ ಕೋಣ ತಿರಗೋ ಗಲ್ಲಿ.
ಉತ್ತರಕ್ಕ: ಗಾಣಿಗೇರ ಗ್ವಾಡಿ, ಇಬ್ಬರದೂ.
ದಕ್ಷಿಣಕ್ಕ: ಖುಲಾ.
ಪೂರ್ವಕ್ಕ: ಭಾವಿ ತೋಡೋ ಹಸನ್‌ನ ಬೇವಿನ ಗಿಡ, ಅದರ ನೆಳ್ಳು ಬೀಳೋ ತನ.
"ನೆಳ್ಳು ಯಾವ ಹೊತ್ತಿಂದು?" ಕೇಳಿದೆ.
ಹಬೀಬೊದ್ದೀನ್ ಹಾಳಿ ಹೊಳ್ಳಿಸಿ ನೋಡಿದ. "ಅದು ಬರದಿಲ್ಲ."

ಈಗ ಗಲ್ಲಿಯೊಳಗ ಕೋಣ ಇಲ್ಲ, ಚರಂಡಿ ಅದ.
ಖುಲಾ ಇದ್ದಲ್ಲಿ ನಾಕಂತಸ್ತಿನ ಲಾಡ್ಜು,
ಗಿಡ ಇದ್ದಲ್ಲಿ ಮೊಬೈಲ್ ಟವರು.
ನೋಂದಣಿ ಕಚೇರಿ ಹುಡುಗ ಹೊಸಾ ಚೆಕ್ಕುಬಂದಿ ಟೈಪ್ ಮಾಡಿದ,
ನಾಕೂ ದಿಕ್ಕಿಗೆ ನಂಬರು.
"ಬೇವಿನ ಗಿಡಾನೂ ಹಾಕ್ರಿ" ಅಂದೆ.
"ಇಲ್ಲದ್ದು ಹಾಕಲಿಕ್ಕ ಬರಂಗಿಲ್ರೀ ಸಿಸ್ಟರ್. ಹೆಬ್ಬಟ್ಟು ಇಲ್ಲಿಡ್ರಿ."

ಮೊದಲನೇ ರಾತ್ರಿ ಬಾಗಿಲ ಹಾಕಲಿಕ್ಕ ಹೊಂಟೆ.
ಹತ್ತಾದ್ವು.
ಮತ್ತ ಎಣಿಸಿದೆ. ಹತ್ತು.
ಬಚ್ಚಲ, ಅಟ್ಟ, ಭಾವಿ ಕಡಿದು, ಬ್ಯಾಟರಿ ಹಿಡದು ತಿರಗಿದೆ.
ತೆರದ ಬಾಗಿಲೊಂದು ಎಲ್ಲೋ ಉಳದಿದ್ರ
ನಿದ್ದಿ ಹ್ಯಾಂಗ ಬರಬೇಕು?
ಹನ್ನೊಂದೂವರಿಗೆ ಆಪಾಗ ಫೋನ್ ಹಚ್ಚಿದೆ.

ಆ ಕಡಿ ಬಾಳೊತ್ತು ನಗಿ.
"ಗಣಿತದಾಕಿ ತಪ್ಪಿದೆ ನೋಡು!
ಮೂಡಲ ಖೋಲಿದು, ನಮ್ಮ ದಾದಾ ಮುಚ್ಚಿಸಿದ್ರು, ಗಿಡ ಕಡದ ವರ್ಷ.
ನಾ ಹುಟ್ಟೂಕಿಂತ ಮೊದಲಿನ ಮಾತು.
ಅಮ್ಮೀ ಅದನ್ನೂ ಎಣಸ್ತಿದ್ಳು, ನಾನೂ ಎಣಿಸಿದೆ."

ಹೋಗಿ ನಿಂತೆ. ನಾಕು ಬೆರಳಿನ ಹಿಟ್ಟು ಇನ್ನಾ ಹಂಗೇ ಇತ್ತು.
ಕಿವಿ ಇಟ್ಟೆ. ಆ ಕಡಿ
ಟವರಿನ ಜನರೇಟರು ಗುಂಯ್ ಅಂತಿತ್ತು.
"ಒಡಸೋಣೇನು?" ಹಿಂದಿನಿಂದ ಘಾಳೆಪ್ಪ.
"ಒಡಸಿ ಎಲ್ಲಿ ಹೋಗಾಂವ?"

ಹಾಳಾಗ್ಲಿ ಅಂತ, ಇಲ್ಲದ ಚಿಲಕ ಇರೋ ಎತ್ತರಕ್ಕ
ಒಂದು ಸಲ ಕೈ ಆಡಿಸಿದೆ.
ನಾಳಿ ಏಳಕ್ಕ ಗೌಂಡಿ ಬರ್ತಾನ.
ಮೊದಲ ಆ ಎರಡು ಜಂತಿ.